ತಗಡಿನ ಮೇಲಿನ ಕಲ್ಲು

ಎಲ್ ಆಲ್ಟೊದಲ್ಲಿ ಆಗಸ್ಟ್ ಬಂತೆಂದರೆ
ಗಾಳಿ ಬಾಗಿಲು ತಟ್ಟುವುದಿಲ್ಲ, ಸೂರಿಗೇ ಕೈ ಹಾಕುತ್ತದೆ.
ಆ ರಾತ್ರಿ ನನ್ನ ಎರಡು ತಗಡು
ಹಾರಿ ಬಿದ್ದದ್ದು ಸಾತುರ್ನಿನಾಳ ಅಂಗಳದಲ್ಲಿ.
ಬೆಳಗಾಗುತ್ತಲೇ ಅವಳೇ ಹೊತ್ತು ತಂದಳು,
ದಾರಿಯುದ್ದ ಬೈಯುತ್ತ: ನನ್ನ ಕೋಳಿ ಸತ್ತಿದ್ದರೆ?

ಜನಗಣತಿಯ ಹುಡುಗ 'ಯಜಮಾನರು?' ಅಂದಿದ್ದ.
ಎದುರಿಗೇ ಕೂತಿದ್ದೇನಲ್ಲ, ಅಂದೆ.
ಬರೆಯುವ ಮೊದಲು ಒಮ್ಮೆ ಒಳಗೆ ಇಣುಕಿದ,
ಮಂಚದ ಕೆಳಗೆ ಯಾರೋ ಅಡಗಿರುವಂತೆ.

ನಾವು ಹನ್ನೊಂದು ಮಂದಿ, ಇಂಥವೇ ಹನ್ನೊಂದು ಮನೆ.
ಪಸನಾಕು ಎಂದು ನಮ್ಮ ಚೀಟಿಯ ಹೆಸರು.
ಗುರುವಾರಕ್ಕೊಮ್ಮೆ ಐವತ್ತು ಬೊಲಿವಿಯಾನೊ,
ಗುಂಡು ಟೋಪಿಯೊಳಗೆ ಮಡಿಸಿದ ಹೆಸರು,
ಎತ್ತುವುದು ಯಾವುದೋ ಮಗುವಿನ ಸಿಂಬಳದ ಕೈ.
ಪುಸ್ತಕ ನನ್ನ ಹತ್ತಿರ. ಓದಿದವಳೆಂದಲ್ಲ,
ಕೈ ನಡುಗಿದರೂ ನನ್ನ ಅಂಕಿ ನಡುಗದೆಂದು.

ಹೋದ ಮಳೆಗಾಲ ಚೀಟಿ ಎತ್ತಿದ ಮರುವಾರವೇ
ಬಸಿಲಿಯಾ ಗಡಿ ದಾಟಿ ಇಕಿಕೆಗೆ ಹೋದಳು.
ಟೋಪಿಗೆ ಹೆಸರು ಹಾಕಿದವಳು
ನಮಗೇ ಟೋಪಿ ಹಾಕಿ.
ಒಲೆಯ ಸುತ್ತ ಹತ್ತು ಮಂದಿ, ಆಲೂಗಡ್ಡೆ ಆರುತ್ತಿತ್ತು.
ಹೊಡೆದು ಹಾಕು ಹೆಸರನ್ನು, ಎಂದಳು ನಿಯೆವೆಸ್.
ಪೆನ್ನು ತೆಗೆದೆ.
ಆಗ ನಮ್ಮೊಳಗಿನ ಮಹಾ ಜಿಪುಣಿ ಎಯುಸೆಬಿಯಾ
ಒಳಲಂಗದ ಜೇಬಿನಿಂದ ಐದರ ನಾಣ್ಯ ತೆಗೆದು
ನೆಲದ ಮೇಲಿಟ್ಟಳು. ಬಸಿಲಿಯಾಳ ಪಾಲಿನಲ್ಲಿ ತನ್ನ ಪಾಲು.
'ಪ್ರೀತಿಗಲ್ಲ,' ಅಂದಳು, ಯಾರನ್ನೂ ನೋಡದೆ,
'ಒಂದು ಹೆಸರು ಹೊಡೆದು ರೂಢಿಯಾದರೆ
ನನ್ನದೂ ಅದೇ ಪುಟದಲ್ಲಿದೆ.'

ತಗಡು ಮತ್ತೆ ಹಾಸಿದೆವು. ಇಲ್ಲಿ ಮೊಳೆ ಸಾಲದು,
ಕಲ್ಲು ಹೇರಬೇಕು.
ಸಾತುರ್ನಿನಾ ತಂದದ್ದು ಹೊಳೆಯ ಕಲ್ಲು,
ನಿಯೆವೆಸ್ ತಂದದ್ದು ಒಡೆದ ಅರೆಯುವ ಕಲ್ಲಿನ ಅರ್ಧ,
ಇನ್ನೂ ಮೆಣಸಿನ ವಾಸನೆ ಅದಕ್ಕೆ.
ಎಯುಸೆಬಿಯಾಳದ್ದು ಎಲ್ಲಕ್ಕಿಂತ ಚಿಕ್ಕದು.
ಏಣಿಯ ಮೇಲಿದ್ದವಳು ನಕ್ಕು ಬೀಳುವುದರಲ್ಲಿದ್ದೆ.

ಅಡ ಇಡಲು ಏನಿದೆ ಎಂದು ಬ್ಯಾಂಕಿನವನು ಕೇಳುತ್ತಾನೆ.
ಏಣಿ ಕೊಡುತ್ತೇನೆ, ಹತ್ತಿ ನೋಡಪ್ಪ.

ಮೂಲೆಯಲ್ಲಿ ಹಳೆಯದೊಂದಿದೆ, ಕೆಂಪನೆಯದು,
ಮನೆ ಕಟ್ಟಿದ ವರ್ಷ ಬಸಿಲಿಯಾ
ಮಗುವಿನಂತೆ ಬೆನ್ನಿಗೆ ಕಟ್ಟಿ ತಂದದ್ದು.
ಅಷ್ಟು ಗಾಳಿಗೂ ಆ ಮೂಲೆ ಏಳಲಿಲ್ಲ.
ಇದನ್ನು ಬಿಸಾಡಲೇ, ಎಂದ ಮಗ.
ಇಳಿ ಕೆಳಗೆ, ಎಂದೆ.
ಇವತ್ತು ಗುರುವಾರ. ಟೋಪಿ ಎಲ್ಲಿದೆ ನೋಡು.