ಗುರುವಾರ ಕೊನೆಯ ಪೇಪರು

ಮೊದಲ ಪೇಪರಿನ ದಿನ ತಪ್ಪಿದ್ದು ನಾನೇ.
ನಿಶ್ಮಿತಾ ಚಪ್ಪಲಿ ಬಿಚ್ಚುವ ಮೊದಲೇ ಕೇಳಿಬಿಟ್ಟೆ,
ಹೇಗಾಯ್ತು?
ಒಳಗೆ ಹೋದವಳು ಚಿಲಕ ಹಾಕಿದಳು.
ಬಂಗುಡೆ ಸಾರು ರಾತ್ರಿಯವರೆಗೂ ಹಾಗೇ ಇತ್ತು,
ಮೇಲೆ ಎಣ್ಣೆ ಕಟ್ಟಿಕೊಂಡು.

ಆಮೇಲೆ ಮನೆಗೆಲ್ಲ ಹೇಳಿಟ್ಟೆ,
ಯಾರೂ ಕೇಳಕೂಡದು.
ಮುಂಬಯಿಯ ಭಾವ ಫೋನು ಮಾಡಿ ಎಷ್ಟು ಪರ್ಸೆಂಟು ಎಂದರೆ
ನೆಟ್‌ವರ್ಕ್ ಇಲ್ಲ ಎನ್ನಬೇಕು,
ಕುತ್ತಾರಿನಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲ.
ಅತ್ತೆಗೆ ಕಿವಿ ಮಂದ, ಬಾಯಿ ಜೋರು.
ಅವರಿಗೆ ಒಂದೇ ಮಾತು ಕಲಿಸಿದೆ:
"ಒಣಸ್ ಆಂಡಾ?"
ಊಟ ಆಯ್ತಾ, ಅಷ್ಟೇ. ಅದಕ್ಕಿಂತ ಉದ್ದದ್ದು ಬೇಡ.

ಇವರು ಮೊದಲೇ ಮಾತು ಕಡಿಮೆ.
ಬಂದರಿನ ಐಸ್ ಪ್ಲಾಂಟಿನಿಂದ ಬಂದು
ಕೈ ಬೆಚ್ಚಗಾಗುವ ಮೊದಲೇ ಸ್ಟೂಲು ಹತ್ತಿ
ಅವಳ ಫ್ಯಾನು ಕಟಕಟ ಎನ್ನುವಲ್ಲಿಗೆ ಎಣ್ಣೆ ಬಿಟ್ಟರು.
ಮೇ ತಿಂಗಳ ಸೆಕೆ, ಗೋಡೆಯೂ ಬೆವರುತ್ತದೆ.
ಸಣ್ಣವನು ದೀಕ್ಷಿತ್ ಐಪಿಎಲ್ ನೋಡಿದ,
ಶಬ್ದ ಪೂರ್ತಿ ತೆಗೆದು.
ಸಿಕ್ಸರ್ ಬಿದ್ದಾಗ ದೊಡ್ಡದಾಗಿ ಬಾಯಿ ತೆರೆದು
ಕೂಗದೆ ಮುಚ್ಚಿದ,
ಬುಟ್ಟಿಗೆ ಬಿದ್ದ ಮೀನಿನ ಹಾಗೆ, ಪಾಪ.

ರಾತ್ರಿ ಅವಳು ಓದುತ್ತಾಳೆ, ನಾನು ಬೀಡಿ ಕಟ್ಟುತ್ತೇನೆ.
ಎದ್ದಿರಲು ನನಗೂ ಒಂದು ನೆಪ ಬೇಕಲ್ಲ.
ಹನ್ನೆರಡೂವರೆಗೆ ಒಂದು ಲೋಟ ಎಳ್ಳು ಜ್ಯೂಸು
ಬಾಗಿಲ ಬಳಿ ಇಟ್ಟು ಬರುತ್ತೇನೆ, ತಟ್ಟುವುದಿಲ್ಲ.
ಕೊನೆಯದ್ದು ಕಾಸ್ಟಿಂಗ್.
ಬಾಯಿಪಾಠ ಗೋಡೆ ದಾಟಿ ಬರುತ್ತದೆ:
ನಾರ್ಮಲ್ ಲಾಸ್. ಅಬ್‌ನಾರ್ಮಲ್ ಲಾಸ್.
ಏನದು ಎಂದು ಒಂದು ರಾತ್ರಿ ಕೇಳಿದೆ.
ನನ್ನ ತಡ್ಪೆಯಿಂದಲೇ ಒಂದು ಎಲೆ ಎತ್ತಿದಳು:
ಕತ್ತರಿಸಿದ ಮೇಲೆ ಅಂಚು ಉಳಿಯುತ್ತಲ್ಲ ಅಮ್ಮ,
ಅದು ಹೋಗಲೇಬೇಕು, ಅದು ಲೆಕ್ಕದ ಒಳಗಿನ ನಷ್ಟ.
ಮಳೆಗೆ ಚೀಲ ನೆನೆದು ಇಡೀ ಎಲೆಗೆ ಬೂಷ್ಟು ಹಿಡಿದರೆ
ಅದು ಬೇರೆ.

ಆ ಬೇರೆಯದ್ದು ನನಗೆ ಗೊತ್ತು.
ಎಸೆಸೆಲ್ಸಿ, ಗಣಿತ, ಇಪ್ಪತ್ತೆಂಟು.
ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ,
ಹೇಗಾಯ್ತು ಎಂದು ಕೇಳಲೂ ಇಲ್ಲ.
ಇನ್ನೊಮ್ಮೆ ಕಟ್ಟುತ್ತೀಯಾ ಎಂದೂ ಕೇಳಲಿಲ್ಲ.
ಮರುದಿನ ಬೆಳಿಗ್ಗೆ ಮಡಿಲಲ್ಲಿ ತಡ್ಪೆ ಇತ್ತು.
ಅಂದಿನಿಂದ ಕಟ್ಟಿದ್ದು ಇದನ್ನೇ.

ಕೇಳದೆ ಇರುವುದರಲ್ಲೂ ಎರಡು ಜಾತಿ ಇದೆ.
ಬ್ರಾಂಚಿನಲ್ಲಿ ಚೆಕ್ಕರು ನನ್ನ ಕಟ್ಟು ಒತ್ತಿ ನೋಡಿ
ಬದಿಗೆ ಎಸೆದ ದಿನ
ಜೊಹರಾ ದಾರಿಯುದ್ದ ಅದನ್ನು ಎತ್ತುವುದಿಲ್ಲ,
ಬೂತಾಯಿ ರೇಟು ಮಾತಾಡುತ್ತಾಳೆ.
ಗೇಟಿನ ಹತ್ತಿರ ಬಂದಾಗ ಮಾತ್ರ,
ನಾಳೆ ಎಲೆ ಒಟ್ಟಿಗೆ ನೆನೆಸುವ, ಆಯ್ತಾ?

ಗುರುವಾರ ಎರಡೂಮುಕ್ಕಾಲಿಗೆ ಸ್ಟೇಟ್‌ಬ್ಯಾಂಕಿನ ಬಸ್ಸು ನಿಂತಿತು.
ಕೊಡೆಯ ಕೆಳಗೆ ಮುಖ ಕಾಣಲಿಲ್ಲ.
ಜಗಲಿಯಿಂದ ಅತ್ತೆ ಊರಿಗೇ ಕೇಳುವ ಹಾಗೆ,
"ಒಣಸ್ ಆಂಡಾ?"
ಹುಡುಗಿ ನಕ್ಕಳು.

ಗಂಜಿ, ಒಣ ಸಿಗಡಿ ಚಟ್ನಿ.
ಎರಡನೆಯ ಸೌಟಿಗೆ ಅವಳೇ ಹೇಳಿದಳು,
ಹತ್ತು ಮಾರ್ಕಿಂದು ಬಿಟ್ಟೆ ಅಮ್ಮ, ಟೈಮು ಸಾಲಲಿಲ್ಲ.
ನಾನು ಉಪ್ಪಿನ ಭರಣಿ ಹತ್ತಿರ ಸರಿಸಿದೆ.
ಸ್ವಲ್ಪ ಬಿಟ್ಟು, ಅದು ಯಾವ ಲಾಸು, ಎಂದೆ,
ಒಳಗಿನದ್ದಾ, ಬೇರೆಯದ್ದಾ?
ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.
ಅಂಚು, ಎಂದಳು.
ಅಲ್ಲದಿದ್ದರೆ ಇನ್ನೊಮ್ಮೆ ಕಟ್ಟುವ, ಎಂದೆ,
ಪರೀಕ್ಷೆಗೆ.

ಕೈ ತೊಳೆದು ಬಂದವಳು ತಡ್ಪೆ ಎಳೆದುಕೊಂಡಳು,
ನೂಲು ಸುತ್ತಿಕೊಡುತ್ತೇನೆ ಎಂದು.
ತೆಗೆದು ಆಚೆ ಇಟ್ಟೆ.
ಈಗ ನಾಲ್ಕು ಗಂಟೆ, ಚಾಪೆಯ ಮೇಲೆ ನಿದ್ದೆ,
ಬೆರಳಿಗೆ ಇನ್ನೂ ಪೆನ್ನಿನ ನೀಲಿ.
ಕತ್ತರಿ ಸದ್ದಾಗದಿರಲೆಂದು ಅಡಿಗೆ ಹಳೆ ಲುಂಗಿ ಹಾಸಿದ್ದೇನೆ.
ಇವತ್ತಿನ ಸಾವಿರಕ್ಕೆ ಎರಡು ಕಟ್ಟು ಕಡಿಮೆ ಬೀಳುತ್ತದೆ.
ಬೀಳಲಿ.