ಯಾವ ಕುಲ

ತುಂಗೆಯ ಸೇತುವೆ ಪಕ್ಕ, ಸೈಕಲ್ ಶಾಪಿನ ಹಿಂದೆ
ಯಾರೂ ನೆಡದ ಹರಳು ಗಿಡ.
ಗುತ್ಯಪ್ಪ ಎಲೆ ಕಿತ್ತು, ಕವರಿನ ಬಾಯಿ ಗಂಟು ಹಾಕಿ
ಸಿಟಿ ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡು ತಂದ.
ಪಕ್ಕದವರು ಕೇಳಿದರಂತೆ, ಯಾವ ಸೊಪ್ಪು, ಪಲ್ಯಕ್ಕಾ?

ಎಲೆ ಮಗುಚಿದೆ. ನರಕ್ಕೆ ನರ ಕೂಡುವ ಮೂಲೆಯಲ್ಲಿ
ಜೇಡನುಸಿಗಳ ನೂಲು, ಧೂಳು, ಕಳಚಿಟ್ಟ ಬಿಳಿ ಚರ್ಮ.
ಅದರ ನಡುವೆ ಓಡಿತು ಒಂದು,
ಸಾಸಿವೆಯ ಕಾಲುಭಾಗವೂ ಇಲ್ಲ, ಹೊಟ್ಟೆ ಮಾತ್ರ ಕೆಂಪು:
ತಿಂದದ್ದು ಹೊರಗೇ ಕಾಣುವ ಜೀವ.
ಕಣ್ಣಿಲ್ಲ ಅದಕ್ಕೆ. ಮುಂಗಾಲೆರಡನ್ನು ನೆಲಕ್ಕೂರದೆ
ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುವ ಹಾಗೆ
ಗಾಳಿ ತಡವುತ್ತ ಬಂದು
ಒಂದು ಮೊಟ್ಟೆಗೆ ತಾಗಿ ನಿಂತಿತು. ಚುಚ್ಚಿತು.
ಉಳಿದದ್ದು ಸೊಟ್ಟ ಸಿಪ್ಪೆ.

ಕೊಂದೆ.
ಕೊಲ್ಲದೆ ಹೆಸರಿಡುವ ದಾರಿ ನಮ್ಮ ಕಸುಬಲ್ಲಿಲ್ಲ.
ಆಮ್ಲದಲ್ಲಿ ಒಂದು ರಾತ್ರಿ; ಕೆಂಪೆಲ್ಲ ಕರಗಿ
ಗಾಜಿನಂತಾದಳು, ಒಳಗೊಂದು ಮೊಟ್ಟೆ,
ತಾಯಿಯ ಮೂರನೇ ಒಂದು ಪಾಲು.

ಕುಟುಂಬ ಬೇಗ ಗೊತ್ತಾಯಿತು: ಬೆನ್ನಿಗೆ ಒಂದೇ ಹಲಗೆ,
ಮೇಲೆ ಎಣಿಸಿಟ್ಟಷ್ಟೇ ಕೂದಲು.
ಕುಲಕ್ಕೆ ಇನ್ನೂ ಕೆಳಗಿಳಿಯಬೇಕು,
ಗಂಡಿನ ಬೀಜ ಕಾಪಿಡುವ ಚೀಲದ ಕತ್ತಿನವರೆಗೆ,
ಬಟ್ಟಲೋ, ತುತ್ತೂರಿಯೋ.

'ಯಾವ ಕುಲ ಮೇಡಂ?' ಗುತ್ಯಪ್ಪ ಹೆಗಲ ಹಿಂದಿನಿಂದ.
ನಗಬೇಕೆಂದಿದ್ದೆ.
ವಿನೋಬನಗರದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ
ಓನರಮ್ಮ ಕೀಲಿಕೈ ಸೆರಗಲ್ಲಿ ಹಿಡಿದು ಕೇಳಿದ್ದೂ ಇದನ್ನೇ.
ಅವರು ಕೂದಲೆಣಿಸಲಿಲ್ಲ. ಅಪ್ಪನ ಹೆಸರು ಸಾಕಾಯಿತು.

ಇವುಗಳಲ್ಲಿ ಗಂಡಿಗೂ ಅಪ್ಪ ಉಂಟು ಗುತ್ಯಪ್ಪ,
ಅಪ್ಪನಿಲ್ಲದೆ ಮೊಟ್ಟೆಯೇ ಇಲ್ಲ.
ಆದರೆ ಗಂಡಾಗಲಿರುವುದು ಮೊಟ್ಟೆಯೊಳಗೇ
ಅಪ್ಪ ಕೊಟ್ಟದ್ದನ್ನೆಲ್ಲ ಆಚೆ ಹಾಕಿ,
ಅಮ್ಮನದಷ್ಟೇ ಇಟ್ಟುಕೊಂಡು
ಆರು ಕಾಲಲ್ಲಿ ಹೊರಗೆ ಬರುತ್ತದೆ.
ಎಂಟಾಗುವುದು ಒಂದು ಚರ್ಮ ಬಿಟ್ಟ ಮೇಲೆ.

ಅವನು ಬೀಕರು ಒರೆಸುತ್ತ ಯೋಚಿಸಿದ.
'ಹಂಗಾರೆ ಇನಿಷಿಯಲ್ ಬ್ಯಾಡ ಬಿಡಿ ಅದ್ಕೆ.'

ಮತ್ತೆ ಎಣಿಸಿದೆ. ಎಡಕ್ಕೆ ಹದಿನೇಳು, ಬಲಕ್ಕೆ ಹದಿನೆಂಟು.
ಲೆನ್ಸು ಒರೆಸಿ ಎಣಿಸಿದೆ. ಹಾಗೇ.
ಯಾವ ಕೀಲಿಯಲ್ಲೂ ಇಂಥದಕ್ಕೆ ಬಾಗಿಲಿಲ್ಲ;
ಹೊಸ ಪ್ರಭೇದವೂ ಇರಬಹುದು,
ಒಂದು ಕೂದಲು ಹೆಚ್ಚಿಗೆ ಹುಟ್ಟಿದ ಯಾರೋ ಒಬ್ಬಳೂ ಇರಬಹುದು.

ಚೀಟಿ ಬರೆದೆ: ಶಿವಮೊಗ್ಗ. ಹರಳೆಲೆಯ ಅಡಿ.
ತಂದವರು, ಗುತ್ಯಪ್ಪ.
ಕುಲದ ಜಾಗದಲ್ಲಿ ಪೆನ್ಸಿಲ್ಲಿನ ಒಂದು ಗೀಟು.
ಗಾಜಿನ ಅಂಚಿಗೆ ಮನೆಯಿಂದ ತಂದ ಉಗುರುಬಣ್ಣ ಬಳಿದೆ,
ಮೆರೂನು, ಮುಗಿಯುತ್ತ ಬಂದದ್ದು.