ಮಂಗಳವಾರದ ಪದಪಟ್ಟಿ

ಮೂರೂಪ್ನಾದ ಗ್ರಂಥಾಲಯ, ಹಿಂದಿನ ಕೋಣೆ,
ಫೆಬ್ರವರಿಯ ಉರಿಬೇಸಗೆ,
ಸಂಜೆ ಏಳಾದರೂ ಇಳಿಯದ ಬಿಸಿಲು.
ಹಗಲೆಲ್ಲ ಪೇರ್ ಹಣ್ಣು ಆರಿಸಿದ ಬೆರಳಿಗೆ
ಇನ್ನೂ ಅಂಟು. ಪೆನ್ಸಿಲು ಕೈ ಬಿಡದು.

ಕಳೆದ ವಾರ ತರಕಾರಿ,
ಅದರ ಹಿಂದಿನ ವಾರ ಹಲ್ಲಿನ ಡಾಕ್ಟರು.
ಇವತ್ತು ಗ್ಲೆನಿಸ್ ಮೇಡಂ ಹಂಚಿದ ಹಾಳೆಯ ನೆತ್ತಿಯಲ್ಲಿ:
ಸುದ್ದಿ ಕೇಳಲು ಬೇಕಾಗುವ ಪದಗಳು.
ಸೀಸ್‌ಫೈರ್. ಶೆಲ್ಲಿಂಗ್. ಸ್ಯಾಂಕ್ಷನ್. ಕ್ಯಾಶುವಾಲ್ಟಿ.
ಹೀಗೆ ಹದಿನೆಂಟು.
ಬಲಗಡೆ ಅರ್ಥಗಳು, ಕಲಸುಮೇಲೋಗರ.

ಹೊಂದಿಸಿ ಬರೆಯಿರಿ!
ನಾಲ್ಕನೇ ಇಯತ್ತೆಯಿಂದ ಇದೊಂದರಲ್ಲಿ
ನಾನು ಅಂಕ ಕಳೆದವಳಲ್ಲ.
ಎಲ್ಲರಿಗಿಂತ ಮೊದಲು ಮುಗಿಸಿ ತಲೆಯೆತ್ತಿದೆ.
ಕ್ಯಾಶುವಾಲ್ಟಿ ಮಾತ್ರ ಉಳಿಯಿತು.
ನಮ್ಮೂರಲ್ಲಿ ಅದು ಬಾಗಿಲ ಮೇಲಿನ ಕೆಂಪು ಬೋರ್ಡು,
ಸ್ಟ್ರೆಚರು ನುಗ್ಗುವ ಜಾಗ.
ಬಲಗಡೆಯ ಸಾಲಿನಲ್ಲಿ ಆಸ್ಪತ್ರೆ ಹುಡುಕಿದೆ, ಇರಲಿಲ್ಲ.
ಇಲ್ಲಿ ಅದು ಒಬ್ಬ ಮನುಷ್ಯ.

ಸೀಸ್‌ಫೈರಿಗೆ ಅರ್ಥ ನೋಡಲೇ ಇಲ್ಲ.
ಮೊದಲ ಸಲ ಕಿವಿಗೆ ಬಿದ್ದಾಗ ಸೀಸ ಎಂದೇ ಕೇಳಿಸಿತ್ತು,
ಅಪ್ಪನ ಸೀಸ.
ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಅಚ್ಚುಮೊಳೆ ಜೋಡಿಸುವವ ಅವ.
ಎಲ್ಲ ಪದ ಬಿಚ್ಚಿ ಅಕ್ಷರ ಖಾನೆಗೆ ಹಾಕಿದರೂ
'ಕದನ ವಿರಾಮ'ವನ್ನು ಬಿಚ್ಚುತ್ತಿರಲಿಲ್ಲ,
ದಾರ ಸುತ್ತಿ ಮೂಲೆಯಲ್ಲಿ ಇಟ್ಟುಬಿಡುತ್ತಿದ್ದ:
ನಾಳೆನೂ ಬೇಕಾಗ್ತದ, ಯಾಕ ಬಿಚ್ಚೂದು.
ಪಕ್ಕದಲ್ಲೇ ಇನ್ನೊಂದು ಕಟ್ಟು, 'ಉಲ್ಲಂಘನೆ'.
ಅದರ ಘ ಬೇಗ ಸವೆಯಿತು.
ಅಪ್ಪಾ, ಇದು ಅಲ್ಪವಿರಾಮನೋ ಪೂರ್ಣವಿರಾಮನೋ
ಎಂದು ಕೇಳಿದ್ದೆ.
ನನ್ನ ಮೂಗಿಗೆ ಮಸಿ ಹಚ್ಚಿ ನಕ್ಕಿದ್ದ.

ಈಗ ವಾಕ್ಯ ಮಾಡಿ, ಎಂದರು ಮೇಡಂ.

ಮಾಸೂಮಾ ಗಜ್ನಿಯ ಕಡೆಯವಳು,
ನಮ್ಮದೇ ಶೆಡ್ಡಿನ ಮೂರನೇ ಬೆಲ್ಟು.
ಹೊಂದಿಸುವುದರಲ್ಲಿ ಐದು ತಪ್ಪಿದ್ದಳು.
ಬಗ್ಗಿ ಬರೆದಳು, ಎದ್ದು ಓದಿದಳು:
ಸೀಸ್‌ಫೈರಿನಲ್ಲಿ ನಾವು ಬಟ್ಟೆ ಒಗೆದೆವು.
ಚೆನ್ನಾಗಿದೆ ಎಂದು ಮೇಡಂ
ಒಂದು 'ಇನ್' ಹೊಡೆದುಹಾಕಿ, ಒಂದು 'ಎ' ಸೇರಿಸಿದರು.
ಅವಳು ರಬ್ಬರಿನಿಂದ ಅಳಿಸಿ ಶುದ್ಧವಾಗಿ ಬರೆದಳು.
ಯಾರೂ ಕೇಳದೆಯೇ ಕೆಳಗೆ ಇನ್ನೊಂದು:
ಒಣಗಲಿಲ್ಲ.

ಬಹಾತಿ, ಗೋಮಾದವ, ತೋಟದಲ್ಲಿ ಟ್ರಾಕ್ಟರು ಓಡಿಸುವವ:
ನನ್ನ ತಮ್ಮ ಕ್ಯಾಶುವಾಲ್ಟಿ ಆಗಿದ್ದಾನೆ.
ಆಗಿದ್ದ, ಎಂದರು ಮೇಡಂ, ಮೆಲ್ಲಗೆ, ಭೂತಕಾಲ.
ಅವ ಸ್ವಲ್ಪ ಹೊತ್ತು ಯೋಚಿಸಿದ.
ಇಲ್ಲ, ಆಗಿದ್ದಾನೆ.
ಹಾಳೆಯವರೆಗೆ ಬಂದ ಕೆಂಪು ಪೆನ್ನು
ಮುಚ್ಚಳದೊಳಕ್ಕೆ ಹೋಯಿತು.

ಆಗಲೇ ತೋಟದ ಕಡೆಯಿಂದ ಢಂ.
ಹಕ್ಕಿ ಬೆದರಿಸುವ ಗ್ಯಾಸಿನ ಕೊಳವೆ,
ಹಣ್ಣಿನ ಕಾಲದಲ್ಲಿ ದಿನವೂ ಇದ್ದದ್ದೇ.
ಬೆಳಿಗ್ಗೆ ಅದನ್ನು ಹೂಡಿಬರುವವನೇ ಬಹಾತಿ.
ಆದರೂ ಅವನ ಮೊಣಕಾಲು ಮೇಜಿಗೆ ಬಡಿಯಿತು.
ಮಾಸೂಮಾಳ ಎಡಗೈ
ಮನೆಯಲ್ಲಿ ಆಡುತ್ತಿದ್ದ ಮಗನ ತಲೆಯನ್ನು
ಪಕ್ಕದ ಖಾಲಿ ಕುರ್ಚಿಯಲ್ಲಿ ಬಗ್ಗಿಸಿತು.
ಕೊರೆಲ್ಲಾ, ಎಂದರು ಮೇಡಂ, ಕ್ಷಮೆ ಕೇಳುವ ದನಿಯಲ್ಲಿ,
ಬೋರ್ಡಿನ ಮೇಲೂ ಬರೆದರು:
ಕೊರೆಲ್ಲಾ, ಒಂದು ಜಾತಿಯ ಬಿಳಿ ಗಿಳಿ.
ನಾವೆಲ್ಲ ಬರೆದುಕೊಂಡೆವು.

ನನ್ನ ಸರದಿ.
ಹದಿನೆಂಟರಲ್ಲಿ ಹದಿನೇಳು ಸರಿ ಬಂದವಳಿಗೆ
ಒಂದು ವಾಕ್ಯ ಹುಟ್ಟಲಿಲ್ಲ.
ಗಡಿಯಾರ ಎಂಟರ ಹತ್ತಿರ.
ಕಡೆಗೆ ಬರೆದೆ:
ನನ್ನ ಅಪ್ಪ ಸೀಸ್‌ಫೈರನ್ನು ಡ್ರಾಯರಿನಲ್ಲಿ ಇಡುತ್ತಿದ್ದ.
ವ್ಯಾಕರಣ ಸರಿ ಇದೆ, ಎಂದರು ಮೇಡಂ,
ಮತ್ತೊಮ್ಮೆ ಓದಿಕೊಂಡರು.

ಹೊರಗೆ ಸೈಕಲ್ಲಿನ ಬೀಗ ತೆಗೆಯುತ್ತ ಮಾಸೂಮಾ ಕೇಳಿದಳು:
ಆ ಡ್ರಾಯರು ಈಗ ಎಲ್ಲಿ?
ಪ್ರೆಸ್ಸಿಗೆ ಹೊಸ ಮಶೀನು ಬಂತು,
ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿದರು, ಕರಗಿಸಿದರು.
ಕರಗಿಸುವುದಕ್ಕೆ ನನ್ನಲ್ಲಿ ಇಂಗ್ಲಿಷು ಇರಲಿಲ್ಲ.
ಎರಡೂ ಕೈಯಲ್ಲಿ ತೋರಿಸಿದೆ:
ಬೆಂಕಿ, ಆಮೇಲೆ ನೀರು.
ಅವಳು ಬೇಗ ತಲೆಯಾಡಿಸಿದಳು,
ಇದು ಗೊತ್ತು ಎಂಬಂತೆ.